ಮಗುವಿನ ಮೊದಲ ಮಾತು: ನೆನಪಿದೆಯೇ, ಬರೆದಿಟ್ಟಿದ್ದೀರಾ?

ನಿಮ್ಮ ಮಗು ಮೊದಲು ಆಡಿದ ಮಾತು ಯಾವುದು? ಹೀಗೆ ಕೇಳಿದರೆ ಯಾವ ತಾಯಿಯ ಮುಖವಾದರೂ ಅರಳುತ್ತದೆ. ಒಬ್ಬರ ಮಗು ‘ಅಬ್ಬಾ’ ಎಂದಿರುತ್ತದೆ. ಇನ್ನೊಬ್ಬರದು ‘ಅಮ್ಮಿ’ ಎನ್ನುವ ಮೊದಲೇ ‘ಬಿಲ್ಲಿ’ ಎಂದು ಬೆಕ್ಕನ್ನು ಕರೆದಿರುತ್ತದೆ. ಕನ್ನಡವೇ ಮನೆಮಾತಾಗಿರುವ ನಮ್ಮ ನದಾಫ ಕುಟುಂಬಗಳಲ್ಲಿ ಅದು ‘ಅವ್ವ’ ಆಗಿರಬಹುದು, ‘ಬುವ್ವ’ ಆಗಿರಬಹುದು. ಮಗ ದೊಡ್ಡವನಾಗಿ ಮೀಸೆ ಬಂದ ಮೇಲೂ ದಾದಿ ಆ ಮಾತನ್ನು ಹೇಳಿ ನಗುತ್ತಾರೆ.

ಈಗ ಎರಡನೆಯ ಪ್ರಶ್ನೆ. ಆ ಮಾತು ಬಂದಾಗ ಮಗುವಿಗೆ ಎಷ್ಟು ತಿಂಗಳಾಗಿತ್ತು? ಇಲ್ಲಿ ಹೆಚ್ಚಿನವರು ತಡವರಿಸುತ್ತಾರೆ. ‘ರಮಝಾನ್ ಸಮಯ ಇರಬೇಕು’, ‘ತವರಿನಿಂದ ಬಂದ ಮೇಲೆ’, ‘ಅದು ದೊಡ್ಡವನದೋ ಚಿಕ್ಕವನದೋ ಸರಿಯಾಗಿ ನೆನಪಿಲ್ಲ’ ಎಂಬ ಉತ್ತರಗಳು ಬರುತ್ತವೆ.

ಮಗು ಚೆನ್ನಾಗಿ ಮಾತಾಡುತ್ತಿದ್ದರೆ ಈ ಮರೆವಿನಿಂದ ನಷ್ಟವೇನೂ ಇಲ್ಲ. ಆದರೆ ಮಾತು ಬಾರದ ಮಗುವನ್ನು ಕರೆದುಕೊಂಡು ಆಸ್ಪತ್ರೆಗೆ ಹೋದಾಗ ಕಿವಿ ಮತ್ತು ಮಾತಿನ ತಜ್ಞರು ಮೊದಲು ಕೇಳುವ ಪ್ರಶ್ನೆಗಳಲ್ಲಿ ಇದೂ ಒಂದು. ಮಗು ಯಾವಾಗ ತೊದಲತೊಡಗಿತು? ಹೆಸರು ಕರೆದರೆ ಯಾವಾಗಿನಿಂದ ತಿರುಗಿ ನೋಡಿತು? ಮೊದಲ ಪದ ಯಾವಾಗ ಬಂತು? ಬಂದ ಪದ ಉಳಿಯಿತೇ, ನಿಂತುಹೋಯಿತೇ? ತಂದೆತಾಯಿಯ ನೆನಪೇ ಅಲ್ಲಿ ಮೊದಲ ದಾಖಲೆ. ಮೊದಲ ಮಾತು ಒಂದು ಸಿಹಿ ನೆನಪು ಮಾತ್ರವಲ್ಲ, ಅದು ಮಗುವಿನ ಕಿವಿ ಸರಿಯಾಗಿ ಕೆಲಸ ಮಾಡುತ್ತಿದೆ ಎಂಬುದರ ವರದಿಯೂ ಹೌದು. ಈ ಪಾಠದಲ್ಲಿ ಅದನ್ನೇ ತಿಳಿಯೋಣ.

ಮೊದಲು ಕಿವಿ, ನಂತರ ನಾಲಿಗೆ

ಪವಿತ್ರ ಕುರ್‌ಆನಿನ ಅನ್ನಹ್ಲ್ ಅಧ್ಯಾಯದ 78ನೇ ಸೂಕ್ತವನ್ನು ನೆನಪಿಸಿಕೊಳ್ಳಿ. ಏನೂ ಅರಿಯದ ಸ್ಥಿತಿಯಲ್ಲಿ ತಾಯಿಯ ಗರ್ಭದಿಂದ ಹೊರಬಂದ ಮನುಷ್ಯನಿಗೆ ಅಲ್ಲಾಹನು ಕೊಟ್ಟ ಅನುಗ್ರಹಗಳನ್ನು ಅಲ್ಲಿ ಹೇಳುವಾಗ ಶ್ರವಣಶಕ್ತಿಯ ಹೆಸರು ಮೊದಲು ಬರುತ್ತದೆ, ದೃಷ್ಟಿ ಮತ್ತು ಹೃದಯ ಆಮೇಲೆ. ನಾವು ಹುಟ್ಟಿದ ಮಗುವಿನ ಬಲಗಿವಿಯಲ್ಲಿ ಅದಾನ್ ಹೇಳುತ್ತೇವೆ. ಮಗು ಮಾತು ಕಲಿಯುವ ದಾರಿ ಆ ಕಿವಿಯಿಂದಲೇ ಆರಂಭವಾಗುತ್ತದೆ.

ಗರ್ಭದ ಕೊನೆಯ ತಿಂಗಳುಗಳಲ್ಲೇ ಮಗುವಿಗೆ ಶಬ್ದ ಕೇಳಿಸುತ್ತದೆ. ಹುಟ್ಟಿದ ಕೆಲವೇ ದಿನಗಳಲ್ಲಿ ಅದು ತಾಯಿಯ ದನಿಯನ್ನು ಬೇರೆ ಹೆಂಗಸರ ದನಿಯಿಂದ ಬೇರ್ಪಡಿಸಿ ಗುರುತಿಸಬಲ್ಲದು. ಮುಂದಿನ ತಿಂಗಳುಗಳಲ್ಲಿ ಅದು ಮಾತಾಡುವುದಿಲ್ಲ ನಿಜ, ಆದರೆ ಸುಮ್ಮನೆ ಕುಳಿತಿರುವುದೂ ಇಲ್ಲ. ಅಡುಗೆಮನೆಯಲ್ಲಿ ನೀವು ಆಡುವ ಮಾತು, ಮಸೀದಿಯ ಅದಾನ್, ಬೀದಿಯಲ್ಲಿ ತರಕಾರಿಯವನ ಕೂಗು ಎಲ್ಲವೂ ಅದರ ಮೆದುಳಿನಲ್ಲಿ ಸೇರುತ್ತಿರುತ್ತವೆ. ಹೀಗೆ ಒಂದು ವರ್ಷ ಕೇಳಿದ ಮೇಲೆ ಒಂದು ಪದ ಹೊರಬರುತ್ತದೆ.

ಆ ಪದ ಸಾಮಾನ್ಯವಾಗಿ ‘ಅಮ್ಮ’, ‘ಅಪ್ಪ’, ‘ಅಬ್ಬಾ’, ‘ಬಾಬಾ’ ಇಂಥದ್ದೇ ಏಕೆ? ಮ, ಪ, ಬ ಈ ಅಕ್ಷರಗಳಿಗೆ ಎರಡು ತುಟಿ ಕೂಡಿಸಿ ಬಿಟ್ಟರೆ ಸಾಕು. ಹಲ್ಲು ಬೇಡ, ನಾಲಿಗೆಯ ಸರ್ಕಸ್ಸೂ ಬೇಡ. ಆದ್ದರಿಂದಲೇ ಕನ್ನಡ, ಉರ್ದು, ಅರಬಿ, ಇಂಗ್ಲಿಷ್ ಎಲ್ಲ ಭಾಷೆಗಳಲ್ಲೂ ತಾಯಿತಂದೆಯರನ್ನು ಕರೆಯುವ ಪದಗಳು ಒಂದನ್ನೊಂದು ಹೋಲುತ್ತವೆ. ಇಂಗ್ಲೆಂಡಿನ ವಿಜ್ಞಾನಿ ಚಾರ್ಲ್ಸ್ ಡಾರ್ವಿನ್‌ರ ಬೇರೆ ವಿಚಾರಗಳು ಹಾಗಿರಲಿ, ತಂದೆಯಾಗಿ ಅವರು ಒಂದು ಒಳ್ಳೆಯ ಕೆಲಸ ಮಾಡಿದ್ದರು. 1839ರಲ್ಲಿ ಹುಟ್ಟಿದ ಮೊದಲ ಮಗನ ಬೆಳವಣಿಗೆಯನ್ನು ಆಗಾಗಲೇ ಬರೆದಿಟ್ಟಿದ್ದರು. 37 ವರ್ಷಗಳ ನಂತರ, 1877ರಲ್ಲಿ, ಆ ಟಿಪ್ಪಣಿಗಳನ್ನೇ ನೋಡಿ ಒಂದು ಲೇಖನ ಪ್ರಕಟಿಸಿದರು. ಮಗುವಿಗೆ ಸರಿಯಾಗಿ ಒಂದು ವರ್ಷ ತುಂಬಿದಾಗ ಅದು ಊಟಕ್ಕೆ ‘ಮಮ್’ ಎಂಬ ಪದ ಕಟ್ಟಿಕೊಂಡಿತು ಎಂದು ಅದರಲ್ಲಿದೆ. ನಮ್ಮ ಮಕ್ಕಳು ಹಸಿವಾದಾಗ ‘ಮಮ್ಮು’ ಎನ್ನುವುದಿಲ್ಲವೇ? ಸಾವಿರಾರು ಮೈಲಿ ದೂರದ ಮಗುವಿನ ತುಟಿಯೂ ಹಾಗೆಯೇ ಕೂಡಿಕೊಂಡಿತ್ತು. ಬರೆದಿಟ್ಟಿದ್ದರಿಂದ ಅದು ಇಂದಿಗೂ ಉಳಿದಿದೆ.

ಯಾವ ತಿಂಗಳಿಗೆ ಏನನ್ನು ನೋಡಬೇಕು?

ಪ್ರತಿ ಮಗುವೂ ಬೇರೆ. ಒಂದೆರಡು ತಿಂಗಳು ಹಿಂದೆಮುಂದೆ ಆಗುವುದು ಸಹಜ. ಆದರೂ ಒಂದು ಅಂದಾಜು ನಿಮಗೆ ತಿಳಿದಿರಬೇಕು.

3 ತಿಂಗಳೊಳಗೆ: ಜೋರಾದ ಸದ್ದಿಗೆ ಬೆಚ್ಚುತ್ತದೆ. ಅಳುವಾಗ ತಾಯಿಯ ದನಿ ಕೇಳಿದರೆ ಸಮಾಧಾನಗೊಳ್ಳುತ್ತದೆ. ‘ಊ’, ‘ಆ’ ಎಂದು ಸ್ವರ ತೆಗೆಯುತ್ತದೆ.

6 ತಿಂಗಳ ಹೊತ್ತಿಗೆ: ಸದ್ದು ಬಂದ ಕಡೆಗೆ ತಲೆ ತಿರುಗಿಸುತ್ತದೆ. ನಗುತ್ತ ಬಗೆಬಗೆಯ ದನಿ ಮಾಡುತ್ತದೆ.

9 ತಿಂಗಳ ಹೊತ್ತಿಗೆ: ‘ಬಬಬ’, ‘ಮಮಮ’, ‘ದದದ’ ಎಂದು ತೊದಲುತ್ತದೆ. ಹೆಸರು ಕರೆದರೆ ನೋಡುತ್ತದೆ.

1 ವರ್ಷದ ಆಸುಪಾಸು: ಅರ್ಥವಿರುವ ಒಂದೆರಡು ಪದ ಬರುತ್ತವೆ. ‘ಬೇಡ’, ‘ಬಾ’, ‘ಸಲಾಂ ಮಾಡು’ ಎಂದರೆ ತಿಳಿಯುತ್ತದೆ. ಬೇಕಾದುದನ್ನು ಬೆರಳು ತೋರಿಸಿ ಕೇಳತೊಡಗುತ್ತದೆ.

2 ವರ್ಷಕ್ಕೆ: ‘ಪಾನಿ ದೇ’, ‘ಅವ್ವ ಬಾ’ ಎಂದು ಎರಡು ಪದ ಕೂಡಿಸುತ್ತದೆ. ಐವತ್ತರಷ್ಟು ಪದಗಳಿರುತ್ತವೆ.

ಇಲ್ಲಿ ಒಂದು ಸೂಕ್ಷ್ಮವಿದೆ. ‘ಬಬಬ’ ಎಂಬ ತೊದಲಿನ ನಡುವೆ ‘ಬಾಬಾ’ ಕೇಳಿಸಿದರೆ ಅದನ್ನೇ ಮೊದಲ ಮಾತೆಂದು ನಾವು ಸಂತೋಷಪಡುತ್ತೇವೆ. ಸಂತೋಷಪಡಿ, ತಪ್ಪಿಲ್ಲ. ಆದರೆ ತಂದೆಯನ್ನು ನೋಡಿದಾಗಲೆಲ್ಲ ಅದೇ ಪದ ಬಂದರೆ, ಬೇರೆಯವರನ್ನು ನೋಡಿದಾಗ ಬಾರದಿದ್ದರೆ, ಆಗ ಅದು ನಿಜವಾದ ಮೊದಲ ಪದ. ಉಚ್ಚಾರ ತಪ್ಪಾಗಿದ್ದರೂ ಲೆಕ್ಕಕ್ಕುಂಟು. ನೀರಿಗೆ ಪ್ರತಿ ಸಲವೂ ‘ನೀನಿ’ ಎಂದರೆ ಅದೂ ಪದವೇ.

ಮನೆಯಲ್ಲಿ ಉರ್ದು, ಹೊರಗೆ ಕನ್ನಡ, ಇದರಿಂದ ತೊಂದರೆಯೇ?

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯ ನಮ್ಮ ಎಷ್ಟೋ ಮನೆಗಳಲ್ಲಿ ಒಳಗೆ ದಖನಿ ಉರ್ದು, ಪಕ್ಕದ ಮನೆಯಲ್ಲಿ ಮತ್ತು ಅಂಗನವಾಡಿಯಲ್ಲಿ ಕನ್ನಡ. ‘ಎರಡು ಭಾಷೆ ಕೇಳಿ ಮಗು ಗೊಂದಲಗೊಂಡಿದೆ, ಅದಕ್ಕೇ ಮಾತು ಬಂದಿಲ್ಲ’ ಎಂದು ಕೆಲವರು ಹೇಳುತ್ತಾರೆ. ಇದು ಸರಿಯಲ್ಲ. ಎರಡು ಭಾಷೆ ಕೇಳುವುದರಿಂದ ಮಾತು ನಿಲ್ಲುವುದಿಲ್ಲ. ಪದಗಳನ್ನು ಎಣಿಸುವಾಗ ಎರಡೂ ಭಾಷೆಯ ಪದಗಳನ್ನು ಸೇರಿಸಿ ಎಣಿಸಿ. ‘ದೂದ್’, ‘ಬಿಲ್ಲಿ’, ‘ಕಾಗೆ’, ‘ಬಸ್ಸು’ ಎಂದರೆ ನಾಲ್ಕು ಪದ. ನಿಮಗೆ ಯಾವ ಭಾಷೆ ಮನಸ್ಸಿನಿಂದ ಬರುತ್ತದೋ ಅದರಲ್ಲೇ ಮಗುವಿನೊಡನೆ ಮಾತಾಡಿ. ಶಾಲೆಗೆ ಅನುಕೂಲವಾಗಲೆಂದು ನಿಮಗೇ ಸರಿಯಾಗಿ ಬಾರದ ಇಂಗ್ಲಿಷಿನಲ್ಲಿ ಮಾತಾಡಿಸುವ ಅಗತ್ಯವಿಲ್ಲ.

ಮನೆಯವರು ಮೋಸಹೋಗುವುದು ಎಲ್ಲಿ?

ಒಂದು ಮನೆಯನ್ನು ಕಣ್ಣ ಮುಂದೆ ತಂದುಕೊಳ್ಳಿ. ಮಗುವಿಗೆ ಒಂದೂವರೆ ವರ್ಷ. ಲವಲವಿಕೆಯಿಂದ ಓಡಾಡುತ್ತದೆ, ಚೆನ್ನಾಗಿ ಉಣ್ಣುತ್ತದೆ. ಮಾತು ಮಾತ್ರ ಬಂದಿಲ್ಲ. ತಾಯಿ ಮೆಲ್ಲಗೆ ವಿಷಯ ತೆಗೆದರೆ ಅತ್ತೆ ‘ಇವನ ಅಬ್ಬಾನೂ ಮೂರು ವರ್ಷಕ್ಕೆ ಮಾತಾಡಿದ್ದು’ ಎನ್ನುತ್ತಾರೆ. ನೆರೆಯವರು ‘ಗಂಡುಮಕ್ಕಳಿಗೆ ಮಾತು ನಿಧಾನ’ ಎನ್ನುತ್ತಾರೆ. ಒಬ್ಬರು ಬಜೆ ತೇಯ್ದು ನಾಲಿಗೆಗೆ ಹಚ್ಚಲು ಹೇಳುತ್ತಾರೆ, ಇನ್ನೊಬ್ಬರು ಜೇನು ನೆಕ್ಕಿಸಲು. ಹೀಗೆ ಎರಡು ವರ್ಷ, ಮೂರು ವರ್ಷ ಕಳೆಯುತ್ತದೆ. ಇವರಲ್ಲಿ ಯಾರೂ ಕೆಟ್ಟವರಲ್ಲ. ಎಲ್ಲರಿಗೂ ಮಗುವಿನ ಮೇಲೆ ಪ್ರೀತಿಯಿದೆ. ಆದರೆ ಆ ಮಗುವಿಗೆ ಕಿವಿ ಕೇಳಿಸದಿದ್ದರೆ, ಮಾತು ಕಲಿಯಲು ಅತ್ಯಂತ ಅನುಕೂಲವಾದ ವರ್ಷಗಳು ಆ ಪ್ರೀತಿಯ ನಡುವೆಯೇ ಕೈಬಿಟ್ಟುಹೋದವು.

ಕಿವಿ ಕೇಳದ ಮಗುವೂ ಮೊದಲ ತಿಂಗಳುಗಳಲ್ಲಿ ಅಳುತ್ತದೆ, ನಗುತ್ತದೆ, ‘ಊ’ ‘ಆ’ ಎನ್ನುತ್ತದೆ. ಹೀಗಾಗಿ ಯಾರಿಗೂ ಅನುಮಾನ ಬರುವುದಿಲ್ಲ. ಬಾಗಿಲು ಬಡಿದಾಗ ತಿರುಗಿ ನೋಡುತ್ತದೆ, ಏಕೆಂದರೆ ನೆಲದ ಅದುರು ಅದಕ್ಕೆ ತಿಳಿಯುತ್ತದೆ. ಮುಖದ ಮುಂದೆ ಚಪ್ಪಾಳೆ ತಟ್ಟಿದರೆ ಕೈಯಾಡುವುದು ಕಾಣುತ್ತದೆ, ಗಾಳಿ ತಾಗುತ್ತದೆ. ಅದಾನ್ ಹೇಳುವಾಗ ಕಣ್ಣರಳಿಸಿದರೆ ಅದು ಕಿವಿಗೆ ತಾಗಿದ ಉಸಿರಿಗೂ ಇರಬಹುದು. ಇನ್ನು ಕೆಲವು ಮಕ್ಕಳಿಗೆ ದಪ್ಪ ಸದ್ದು ಕೇಳಿಸುತ್ತದೆ, ಮಾತಿನಲ್ಲಿರುವ ‘ಸ’, ‘ಶ’ದಂಥ ಸಣ್ಣ ಸದ್ದು ಕೇಳಿಸುವುದಿಲ್ಲ. ಆದ್ದರಿಂದ ಮನೆಯ ಪರೀಕ್ಷೆಯಲ್ಲಿ ‘ಕೇಳಿಸುತ್ತದೆ’ ಎಂದು ತೀರ್ಪು ಕೊಡಬೇಡಿ.

ತಡವಾಗಿ ಮಾತಾಡಿದರೂ ಮುಂದೆ ಸರಿಹೋಗುವ ಮಕ್ಕಳು ಎಷ್ಟೋ ಇದ್ದಾರೆ ಎಂಬುದೂ ನಿಜವೇ. ಆದರೆ ಯಾವ ಮಗು ತಾನಾಗಿ ಸರಿಹೋಗುತ್ತದೆ, ಯಾವುದಕ್ಕೆ ಕಿವಿಯ ತೊಂದರೆಯಿದೆ ಎಂದು ಮುಖ ನೋಡಿ ಹೇಳಲು ಯಾರಿಂದಲೂ ಆಗದು. ಪರೀಕ್ಷೆ ಮಾಡಿಸಿ ಎಲ್ಲ ಸರಿಯಿದೆ ಎಂದು ತಿಳಿದರೆ ಹೋಗುವುದು ಒಂದು ದಿನದ ಕೂಲಿ ಮಾತ್ರ. ಮಾಡಿಸದೆ ಕುಳಿತರೆ ಹೋಗುವುದು ಮಗುವಿನ ಮಾತು.

ಬಜೆ ಹಚ್ಚಿದರೆ ಕೇಳದ ಕಿವಿ ಕೇಳಿಸುವುದಿಲ್ಲ. ತೊಳೆಯದ ಕಲ್ಲಿನಲ್ಲಿ ತೇಯ್ದರೆ ಭೇದಿಯ ಅಪಾಯ ಬೇರೆ. ಒಂದು ವರ್ಷದೊಳಗಿನ ಮಗುವಿಗೆ ಜೇನುತುಪ್ಪ ಕೊಡಲೇಬಾರದು. ಅದರಲ್ಲಿರಬಹುದಾದ ಒಂದು ಬಗೆಯ ರೋಗಾಣುವಿನಿಂದ ಎಳೆಯ ಮಕ್ಕಳಿಗೆ ಪ್ರಾಣಾಪಾಯವಾಗಬಹುದು. ನಾಲಿಗೆಯ ಕೆಳಗಿನ ದಾರವನ್ನು ಕತ್ತರಿಸಿದರೆ ಮಾತು ಬರುತ್ತದೆ ಎಂಬುದೂ ಸಾಮಾನ್ಯ ತಪ್ಪು ಕಲ್ಪನೆ. ಆ ದಾರ ಬಿಗಿಯಾಗಿದ್ದರೆ ಹಾಲು ಕುಡಿಯಲು, ಕೆಲವು ಅಕ್ಷರ ನುಡಿಯಲು ಕಷ್ಟವಾಗಬಹುದು. ಮಾತೇ ಬಾರದಿರುವುದಕ್ಕೆ ಅದು ಕಾರಣವಲ್ಲ.

ಯಾರು ಹೆಚ್ಚು ಎಚ್ಚರದಿಂದಿರಬೇಕು?

ತಿಂಗಳು ತುಂಬುವ ಮೊದಲೇ ಹುಟ್ಟಿದ ಅಥವಾ ತೂಕ ತೀರಾ ಕಡಿಮೆಯಿದ್ದ ಮಗು, ಹುಟ್ಟಿದಾಗ ತಕ್ಷಣ ಅಳದ ಮಗು, ಹೆಚ್ಚಿನ ಕಾಮಾಲೆಗಾಗಿ ಅಥವಾ ಬೇರೆ ಕಾರಣಕ್ಕೆ ನವಜಾತ ಶಿಶುಗಳ ಐಸಿಯುನಲ್ಲಿದ್ದ ಮಗು, ಮೆದುಳು ಜ್ವರ ಬಂದ ಮಗು, ತಾಯಿಗೆ ಬಸಿರಿನಲ್ಲಿ ರುಬೆಲ್ಲಾ ತಗುಲಿದ್ದರೆ ಆ ಮಗು, ಮನೆತನದಲ್ಲಿ ಹುಟ್ಟು ಕಿವುಡು ಇದ್ದರೆ ಅಲ್ಲಿ ಹುಟ್ಟಿದ ಮಗು, ಇವರೆಲ್ಲರ ಕಿವಿ ಪರೀಕ್ಷೆ ತಪ್ಪದೆ ಆಗಬೇಕು.

ರಕ್ತಸಂಬಂಧದಲ್ಲಿ ಮದುವೆ ನಮ್ಮ ಜಿಲ್ಲೆಯ ಎಲ್ಲ ಸಮುದಾಯಗಳಲ್ಲೂ ಇದೆ. ಧರ್ಮದಲ್ಲಿ ಚಿಕ್ಕಪ್ಪ, ಸೋದರಮಾವನ ಮಕ್ಕಳೊಡನೆ ಮದುವೆಗೆ ಅನುಮತಿಯಿದೆ, ಕಡ್ಡಾಯವೇನೂ ಇಲ್ಲ. ವಂಶದಲ್ಲಿ ಅಡಗಿರುವ ಕಿವುಡಿನ ಅಂಶ ತಂದೆತಾಯಿ ಇಬ್ಬರಿಂದಲೂ ಮಗುವಿಗೆ ಬರುವ ಸಂಭವ ಇಂಥ ಮದುವೆಗಳಲ್ಲಿ ಹೆಚ್ಚು. ಈಗಾಗಲೇ ಹಾಗೆ ಮದುವೆಯಾಗಿದ್ದರೆ ಯಾರನ್ನೂ ದೂರುವುದು ಬೇಡ. ಮಗು ಹುಟ್ಟಿದ ಕೂಡಲೇ ಕಿವಿ ಪರೀಕ್ಷೆ ಮಾಡಿಸಿ, ಅಷ್ಟು ಸಾಕು.

ಮಕ್ಕಳ ಶ್ರವಣದೋಷಗಳಲ್ಲಿ ಸುಮಾರು ಶೇ. 60ರಷ್ಟು ತಡೆಯಬಹುದಾದ ಕಾರಣಗಳಿಂದ ಬರುತ್ತವೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. 9 ತಿಂಗಳು ತುಂಬಿದಾಗ ಮತ್ತು 16ರಿಂದ 24 ತಿಂಗಳ ನಡುವೆ ಕೊಡುವ ದಡಾರ-ರುಬೆಲ್ಲಾ ಲಸಿಕೆಯನ್ನು ತಪ್ಪಿಸಬೇಡಿ. ಅದು ಇಂದಿನ ಮಗುವಿನ ಕಿವಿಯನ್ನೂ, ಮುಂದೆ ಆ ಹೆಣ್ಣುಮಗು ತಾಯಿಯಾದಾಗ ಅವಳ ಮಗುವಿನ ಕಿವಿಯನ್ನೂ ಕಾಯುತ್ತದೆ.

ಕಿವಿಯ ಶುಚಿತ್ವ

ಸ್ನಾನ ಮಾಡಿಸುವಾಗ ಎಳೆಗೂಸಿನ ಕಿವಿಗೆ ಎಣ್ಣೆ ಬಿಡುವುದು ನಮ್ಮಲ್ಲಿ ಹಳೆಯ ರೂಢಿ. ಬೆಚ್ಚಗಿನ ಎಣ್ಣೆಯಾಗಲಿ, ಬೆಳ್ಳುಳ್ಳಿ ಕಾಯಿಸಿದ ಎಣ್ಣೆಯಾಗಲಿ ಬಿಡಬೇಡಿ. ಹೇರ್‌ಪಿನ್, ಬೆಂಕಿಕಡ್ಡಿ, ಬಡ್ಸ್ ಹಾಕಿ ಗುಗ್ಗೆ ತೆಗೆಯಬೇಡಿ. ಗುಗ್ಗೆ ಕಿವಿಯ ಕಾವಲುಗಾರ, ತಾನಾಗಿ ಹೊರಬರುತ್ತದೆ. ಕಿವಿಯ ಹೊರಭಾಗವನ್ನು ಮೆತ್ತಗಿನ ಒದ್ದೆಬಟ್ಟೆಯಿಂದ ಒರೆಸಿದರೆ ಸಾಕು.

ಮಲಗಿಸಿಕೊಂಡು ಬಾಟಲಿಯಲ್ಲಿ ಹಾಲು ಕುಡಿಸಿದರೆ ಗಂಟಲಿನಿಂದ ಕಿವಿಗೆ ಹೋಗುವ ಸಣ್ಣ ನಳಿಕೆಯ ಮೂಲಕ ಸೋಂಕು ತಗುಲಬಹುದು. ಮಗುವಿನ ತಲೆ ಮೇಲಿರುವಂತೆ ಹಿಡಿದು ಹಾಲು ಕೊಡಿ. ಎದೆಹಾಲು ಕುಡಿದ ಮಕ್ಕಳಲ್ಲಿ ಕಿವಿಯ ಸೋಂಕು ಕಡಿಮೆ. ಮನೆಯೊಳಗೆ ಬೀಡಿ, ಸಿಗರೇಟು ಸೇದುವುದರಿಂದಲೂ ಮಕ್ಕಳ ಕಿವಿ ಸೋಂಕು ಹೆಚ್ಚುತ್ತದೆ. ಮದುವೆ ಮನೆಯ ದೊಡ್ಡ ಸ್ಪೀಕರಿನ ಮುಂದೆ ಕೂಸನ್ನು ಎತ್ತಿಕೊಂಡು ನಿಲ್ಲಬೇಡಿ.

ಕಿವಿ ಸೋರಿದರೆ ‘ಹಲ್ಲು ಬರುತ್ತಿದೆ, ಅದಕ್ಕೆ’ ಎಂದು ಬಿಡಬಾರದು. ಪದೇಪದೇ ನೆಗಡಿಯಾಗಿ ಕಿವಿಯ ತಮಟೆಯ ಹಿಂದೆ ನೀರು ತುಂಬಿಕೊಂಡರೆ ಸದ್ದು ಮಂದವಾಗಿ ಕೇಳಿಸುತ್ತದೆ, ಮಾತೂ ಹಿಂದುಳಿಯುತ್ತದೆ. ಇದಕ್ಕೆ ಚಿಕಿತ್ಸೆಯಿದೆ.

ಎಲ್ಲಿಗೆ ಹೋಗಬೇಕು?

ಮಗು ಹುಟ್ಟಿದ ಒಂದು ತಿಂಗಳೊಳಗೆ ಕಿವಿ ತಪಾಸಣೆ, ಅನುಮಾನವಿದ್ದರೆ ಮೂರು ತಿಂಗಳೊಳಗೆ ಪೂರ್ಣ ಪರೀಕ್ಷೆ, ದೋಷವಿದ್ದರೆ ಆರು ತಿಂಗಳೊಳಗೆ ಚಿಕಿತ್ಸೆಯ ಆರಂಭ ಎಂಬುದು ತಜ್ಞರು ಹಾಕಿಕೊಟ್ಟ ಲೆಕ್ಕ. ಒಂದು, ಮೂರು, ಆರು ಎಂದು ನೆನಪಿಡಿ. ಮೊದಲ ತಪಾಸಣೆಗೆ ಓಎಇ ಎನ್ನುತ್ತಾರೆ. ಮಲಗಿರುವ ಮಗುವಿನ ಕಿವಿಗೆ ಮೆತ್ತಗಿನ ಸಣ್ಣ ಬಿರಡೆಯಿಟ್ಟು ಸದ್ದು ಬಿಡುತ್ತಾರೆ. ಸೂಜಿಯಿಲ್ಲ, ನೋವಿಲ್ಲ, ಕೆಲವೇ ನಿಮಿಷದ ಕೆಲಸ. ಅದರಲ್ಲಿ ಸಂಶಯ ಬಂದರೆ ಬೆರಾ ಎಂಬ ಪರೀಕ್ಷೆ ಮಾಡುತ್ತಾರೆ. ಹೆರಿಗೆಯಾದ ಆಸ್ಪತ್ರೆಯಲ್ಲೇ ಈ ಬಗ್ಗೆ ಕೇಳಿ.

ಮಗು ದೊಡ್ಡದಾಗಿದ್ದರೂ ಹೊತ್ತು ಮೀರಿಲ್ಲ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ವೈದ್ಯರ ತಂಡ ವರ್ಷಕ್ಕೆ ಎರಡು ಬಾರಿ ಅಂಗನವಾಡಿಗೆ ಬಂದು ಮಕ್ಕಳನ್ನು ನೋಡಬೇಕೆಂಬ ನಿಯಮವಿದೆ. ಅದು ನೋಡುವ ತೊಂದರೆಗಳಲ್ಲಿ ಹುಟ್ಟು ಕಿವುಡು ಮತ್ತು ಮಾತಿನ ವಿಳಂಬವೂ ಸೇರಿವೆ. ಆ ದಿನ ಮಗುವನ್ನು ಮನೆಯಲ್ಲಿ ಉಳಿಸಿಕೊಳ್ಳಬೇಡಿ. ನಿಮ್ಮ ಅನುಮಾನವನ್ನು ಆಶಾ ಕಾರ್ಯಕರ್ತೆಗೆ, ಅಂಗನವಾಡಿ ಟೀಚರಿಗೆ ಸ್ಪಷ್ಟವಾಗಿ ಹೇಳಿ, ತಾಲ್ಲೂಕು ಆಸ್ಪತ್ರೆಯಿಂದ ಚಿತ್ರದುರ್ಗದ ಜಿಲ್ಲಾಸ್ಪತ್ರೆಗೆ ಚೀಟಿ ಬರೆಸಿಕೊಳ್ಳಿ. ಹೆಚ್ಚಿನ ಪರೀಕ್ಷೆಗೆ ಮೈಸೂರಿನ ಮಾನಸಗಂಗೋತ್ರಿಯಲ್ಲಿ ಕೇಂದ್ರ ಸರ್ಕಾರದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಿದೆ. 1960ರ ದಶಕದಿಂದ ಇದೇ ಕೆಲಸಕ್ಕೆ ಮೀಸಲಾದ ಸಂಸ್ಥೆ ಅದು. ಹಿರಿಯೂರು, ಹೊಸದುರ್ಗದಿಂದ ಮೈಸೂರು ಹತ್ತಿರವಲ್ಲ ನಿಜ. ಆದರೆ ಈ ಒಂದು ಪ್ರಯಾಣ ಮಗುವಿನ ಬಾಳನ್ನೇ ಬದಲಿಸಬಹುದು.

ಶ್ರವಣಯಂತ್ರ, ಅದು ಸಾಲದ ಮಕ್ಕಳಿಗೆ ಕಾಕ್ಲಿಯರ್ ಇಂಪ್ಲಾಂಟ್ ಎಂಬ ಶಸ್ತ್ರಚಿಕಿತ್ಸೆ, ಜೊತೆಗೆ ಮಾತಿನ ತರಬೇತಿ ಇವೆ. ಬಡ ಕುಟುಂಬಗಳ ಅರ್ಹ ಮಕ್ಕಳಿಗೆ ಸರ್ಕಾರದ ನೆರವೂ ಇದೆ. ಇಂಪ್ಲಾಂಟ್ ಎಳೆಯ ವಯಸ್ಸಿನಲ್ಲಾದಷ್ಟೂ ಫಲ ಹೆಚ್ಚು. ಇವುಗಳಿಂದ ಸಾಕಷ್ಟು ಫಲ ಸಿಗದ ಮಕ್ಕಳಿಗೆ ಸಂಜ್ಞೆ ಭಾಷೆಯಿದೆ, ಅದೂ ಪೂರ್ಣವಾದ ಭಾಷೆಯೇ.

ಕಿವಿ ಚೆನ್ನಾಗಿದ್ದೂ ಮಗು ಹೆಸರಿಗೆ ತಿರುಗದಿದ್ದರೆ, ಕಣ್ಣಲ್ಲಿ ಕಣ್ಣಿಟ್ಟು ನೋಡದಿದ್ದರೆ, ಬೆರಳು ತೋರಿಸದಿದ್ದರೆ, ಬಂದ ಪದಗಳು ನಿಂತುಹೋದರೆ ಆಗಲೂ ಮಕ್ಕಳ ವೈದ್ಯರಿಗೆ ತೋರಿಸಿ. ಬಂದ ಮಾತು ಹೋಗುವುದು ಯಾವ ವಯಸ್ಸಿನಲ್ಲೂ ಸಹಜವಲ್ಲ.

ಇದರಲ್ಲಿ ನಾಚಿಕೆಯ ಮಾತೇ ಇಲ್ಲ. ತಮ್ಮ ನಾಲಿಗೆಯ ತೊಡಕನ್ನು ಬಿಡಿಸೆಂದು ಅಲ್ಲಾಹನಲ್ಲಿ ಬೇಡಿದವರು ಮೂಸಾ(ಅ). ತಮಗಿಂತ ನಿರರ್ಗಳವಾಗಿ ಮಾತಾಡುವ ಸಹೋದರ ಹಾರೂನ್(ಅ)ರ ನೆರವನ್ನೂ ಅವರು ಕೇಳಿಕೊಂಡರು. ದುಆ ಮಾಡಿ, ಪರೀಕ್ಷೆಯನ್ನೂ ಮಾಡಿಸಿ. ಒಂಟೆಯನ್ನು ಕಟ್ಟಿ ಆಮೇಲೆ ಅಲ್ಲಾಹನ ಮೇಲೆ ಭರವಸೆಯಿಡಲು ಕಲಿಸಿದವರು ನಮ್ಮ ಪ್ರವಾದಿ(ಸ).

ಮಾತಿಗೆ ಮಾತೇ ಆಹಾರ

ಮಗು ಅತ್ತ ಕೂಡಲೇ ಕೈಗೆ ಮೊಬೈಲ್ ಕೊಡುವ ಅಭ್ಯಾಸ ಬಿಡಿ. ಮೊಬೈಲ್ ಮಾತಾಡುತ್ತದೆ, ಆದರೆ ಮಗುವಿನ ಮಾತಿಗೆ ಉತ್ತರ ಕೊಡುವುದಿಲ್ಲ. ಎರಡು ವರ್ಷದವರೆಗೆ, ದೂರದಲ್ಲಿರುವ ತಂದೆಯ ವಿಡಿಯೋ ಕರೆಯ ಹೊರತು, ಪರದೆ ಬೇಡವೆನ್ನುವುದು ಮಕ್ಕಳ ವೈದ್ಯರ ಸಲಹೆ. ರೊಟ್ಟಿ ತಟ್ಟುವಾಗ, ಬಟ್ಟೆ ಮಡಿಸುವಾಗ ಮಾಡುವ ಕೆಲಸವನ್ನೇ ಹೇಳುತ್ತಿರಿ. ಮಗು ‘ಬಾ’ ಎಂದರೆ ‘ಬಾಳೆಹಣ್ಣು ಬೇಕಾ?’ ಎಂದು ಮುಂದುವರಿಸಿ. ಪ್ರವಾದಿ(ಸ) ಅವರು ಅನಸ್(ರ)ರ ಪುಟ್ಟ ತಮ್ಮ ಅಬೂ ಉಮೈರ್‌ನನ್ನು ಕಂಡಾಗ ಅವನ ಸಣ್ಣ ಹಕ್ಕಿ ಏನಾಯಿತೆಂದು ವಿಚಾರಿಸುತ್ತಿದ್ದರು. ಅಷ್ಟು ದೊಡ್ಡ ಜವಾಬ್ದಾರಿಯ ನಡುವೆಯೂ ಅವರಿಗೆ ಚಿಕ್ಕ ಮಗುವಿನೊಡನೆ ಮಾತಾಡಲು ಬಿಡುವಿತ್ತು. ನಮಗೂ ಇರಬೇಕು.

ಇಂದೇ ಮಾಡಬಹುದಾದ ಕೆಲಸ

ನಿಮ್ಮ ತಾಯಿ ಕಾರ್ಡನ್ನು ತೆಗೆಯಿರಿ. ಲಸಿಕೆಗೆ ಹೋಗುವಾಗ ಅದು ಹೇಗೂ ಕೈಯಲ್ಲಿರುತ್ತದೆ. ಒಂದೂವರೆ, ಎರಡೂವರೆ, ಮೂರೂವರೆ ತಿಂಗಳು, ಒಂಬತ್ತು ತಿಂಗಳು, ಒಂದೂವರೆ ವರ್ಷ, ಹೀಗೆ ಪ್ರತಿ ಲಸಿಕೆಯ ದಿನ ಕಾರ್ಡಿಗೆ ಒಂದು ಹಾಳೆ ಸಿಕ್ಕಿಸಿ ಎರಡು ಸಾಲು ಬರೆಯಿರಿ: ಮಗು ಈಗ ಯಾವ ದನಿ ಮಾಡುತ್ತದೆ, ಯಾವುದಕ್ಕೆ ತಿರುಗುತ್ತದೆ, ಯಾವ ಪದ ಹೇಳುತ್ತದೆ. ಮೊದಲ ಪದ ಬಂದ ದಿನ ತಾರೀಕು ಹಾಕಿ. ‘ರಮಝಾನಿನಲ್ಲಿ’ ಎಂದಷ್ಟೇ ನೆನಪಿಟ್ಟರೆ ಸಾಲದು. ಚಂದ್ರಮಾನ ವರ್ಷ ಸುಮಾರು 11 ದಿನ ಚಿಕ್ಕದಾದ್ದರಿಂದ ಮೂರು ವರ್ಷಕ್ಕೆ ಒಂದು ತಿಂಗಳ ವ್ಯತ್ಯಾಸ ಬೀಳುತ್ತದೆ. ಅಕ್ಷರ ಬಾರದ ತಾಯಿಯಿದ್ದರೆ ಮನೆಯ ದೊಡ್ಡ ಮಗಳು ಬರೆಯಲಿ, ಅಥವಾ ಆಶಾ ಕಾರ್ಯಕರ್ತೆಯಿಂದ ಬರೆಸಿ.

ಒಂದು ವರ್ಷವಾದರೂ ತೊದಲಿಲ್ಲ, ಬೆರಳು ತೋರಿಸಿಲ್ಲ. ಹದಿನಾರು ತಿಂಗಳಾದರೂ ಒಂದು ಪದವಿಲ್ಲ. ಎರಡು ವರ್ಷವಾದರೂ ಎರಡು ಪದ ಕೂಡಿಸಿಲ್ಲ. ಆ ಹಾಳೆ ಹೀಗೆ ಖಾಲಿ ಉಳಿದರೆ ಯಾರ ಮಾತಿಗೂ ಕಾಯಬೇಡಿ. ಆ ಖಾಲಿ ಹಾಳೆಯನ್ನೇ ಹಿಡಿದು ಆಸ್ಪತ್ರೆಗೆ ಹೋಗಿ.

ಹಾಳೆ ತುಂಬಿದ್ದರೆ ಅಲ್‌ಹಮ್ದುಲಿಲ್ಲಾಹ್. ಜೋಪಾನವಾಗಿಡಿ. ಮುಂದೊಂದು ದಿನ ನಿಮ್ಮ ಮಗಳು ತನ್ನ ಕೂಸನ್ನು ಎತ್ತಿಕೊಂಡು ಬಂದು ‘ಅಮ್ಮಿ, ನಾನು ಮೊದಲು ಏನು ಹೇಳಿದ್ದೆ? ಎಷ್ಟು ತಿಂಗಳಿಗೆ?’ ಎಂದು ಕೇಳಿದಾಗ ತಡವರಿಸದೆ ಉತ್ತರ ಕೊಡುವಿರಿ, ಇನ್ ಶಾ ಅಲ್ಲಾಹ್.